ಕಾರಣ ತೋರಿಸದಿದ್ದರೆ

ವಿದರ್ನ್‌ಸೀ, ಯಾರ್ಕ್‌ಷೈರ್
11 ಸೆಪ್ಟೆಂಬರ್ 2023

ಗ್ಲೆನಿಸ್,

ಫೋನಿನಲ್ಲಿ ಮಾತಾಡಿದರೆ ಮೂರನೇ ವಾಕ್ಯಕ್ಕೇ ಜಗಳ ಶುರುವಾಗುತ್ತದೆ, ಏನಿದ್ದರೂ ಕಾಗದ ಬರೆ ಎಂದು ಬೇರೆಯಾಗುವಾಗ ನೀನೇ ಹೇಳಿದ್ದೆ. ನಾಲ್ಕು ವರ್ಷ ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ.

ಶನಿವಾರ ತೆರಿಗೆಯವರ ಕಂದು ಲಕೋಟೆ ಬಂತು. ಒಡೆಯುವ ಮೊದಲು ಒಂದು ಟೀ ಮಾಡಿಕೊಂಡು ಕುಡಿದೆ. ಒಡೆದ ಮೇಲೆ ಇನ್ನೊಂದು ಮಾಡಿಕೊಂಡೆ, ಅದು ಎದುರಿಗೇ ತಣ್ಣಗಾಯಿತು. ನಾಲ್ಕು ವರ್ಷದಿಂದ ನಾನು ತೆರಿಗೆ ಕಡಿಮೆ ಕಟ್ಟಿದ್ದೇನಂತೆ. ಒಂದು ಸಾವಿರದ ನಾಲ್ಕು ಪೌಂಡು ಬಾಕಿ. ಜೀವಮಾನವೆಲ್ಲ ಬಸ್ಸು ಓಡಿಸಿ ಒಂದು ಪೆನ್ನಿ ಟಿಕೆಟ್ ದುಡ್ಡು ಹೆಚ್ಚುಕಡಿಮೆ ಮಾಡದವನು ಈಗ ಸರ್ಕಾರದ ಕಣ್ಣಿನಲ್ಲಿ ಸಾಲಗಾರ.

ಕಾರಣವನ್ನೂ ಬರೆದಿದ್ದಾರೆ. ಗಂಡ ಹೆಂಡತಿಯಲ್ಲಿ ಕಡಿಮೆ ದುಡಿಯುವವರು ತಮ್ಮ ತೆರಿಗೆ ಇಲ್ಲದ ಪಾಲಿನಲ್ಲಿ ಒಂದು ತುಂಡನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದಲ್ಲ, ಆ ಮದುವೆಯ ರಿಯಾಯಿತಿ. ಶಾಲೆಯ ಅಡುಗೆಮನೆಯಲ್ಲಿ ನಿನ್ನ ಸಂಬಳ ಕಡಿಮೆಯಿತ್ತು, ನೀನು ನನಗೆ ಬಿಟ್ಟುಕೊಟ್ಟಿದ್ದೆ. ಬೇರೆಯಾದ ಮೇಲೆ ಅದನ್ನು ನಿಲ್ಲಿಸಬೇಕಿತ್ತು. ಕೊಟ್ಟವಳು ನೀನು, ನಿಲ್ಲಿಸಬೇಕಾದವಳೂ ನೀನು. ನಿಲ್ಲಿಸಿಲ್ಲ. ಬೇಸಿಗೆಯಲ್ಲಿ ಬೇರೆ ಏನನ್ನೋ ಕೇಳಲು ಅವರಿಗೆ ಫೋನ್ ಮಾಡಿದ್ದೆ. "ನಿಮ್ಮನೆಯವರ ವಿಳಾಸಾನೂ ಇದೇ ತಾನೆ ಸರ್?" ಅಂದಳು ಆ ಹುಡುಗಿ. "ಅಯ್ಯೋ, ಡೈವೋರ್ಸ್ ಆಗಿ ನಾಲ್ಕು ವರ್ಷ ಆಯ್ತಮ್ಮ," ಅಂದೆ. ಆ ಕಡೆ ಟಕಟಕ ಅಂತ ಏನೋ ಒತ್ತಿದ ಸದ್ದು ಕೇಳಿಸಿತು. ಆ ಟಕಟಕದ ಫಲ ಇದು.

ಮರೆತದ್ದೋ, ಬೇಕೆಂದೇ ಬಿಟ್ಟದ್ದೋ?

ಅವರಿಗೆ ನಮ್ಮ ವಿಚ್ಛೇದನ ಪೂರ್ತಿಯಾದ ತಾರೀಕು ಬೇಕಂತೆ. ಅರ್ಜಿ ಹಾಕಿದವಳು ನೀನು, ಕಾಗದ ನಿನ್ನ ಹತ್ತಿರವೇ ಇರಬೇಕು. ಕಳಿಸು. ಅರ್ಧ ಬಾಕಿ ನೀನು ಕಟ್ಟು ಎಂದು ನಾನು ಕೇಳುತ್ತಿಲ್ಲ. ನೀನಾಗಿ ಕಟ್ಟಿದರೆ ತಡೆಯುವುದೂ ಇಲ್ಲ.

ಇಂತಿ,
ಟ್ರೆವರ್ ಆಕ್ಸ್‌ಟಬಿ


ಅಬರ್‌ಡಾರನ್, ವೇಲ್ಸ್
20 ಸೆಪ್ಟೆಂಬರ್ 2023

ಶ್ರೀಯುತ ಆಕ್ಸ್‌ಟಬಿಯವರಿಗೆ,

ನಿಮ್ಮ ಕಾಗದ ತಲುಪಿತು. ಎರಡು ಸಲ ಓದಿದೆ. 'ಹೇಗಿದ್ದೀಯ' ಎಂಬ ಮಾತು ಎಲ್ಲಾದರೂ ಮಡಿಕೆಯಲ್ಲಿ ಸಿಕ್ಕಿಕೊಂಡಿದೆಯೋ ಎಂದು ಲಕೋಟೆಯನ್ನೂ ಕೊಡವಿ ನೋಡಿದೆ. ಚೆನ್ನಾಗಿದ್ದೇನೆ, ಕೇಳಿದ್ದಕ್ಕೆ ವಂದನೆಗಳು.

ನಿಮ್ಮ ತೆರಿಗೆಗೂ ನನಗೂ ಏನು ಸಂಬಂಧ? ಕೊಟ್ಟವಳು ನಾನೇ ಇರಬಹುದು, ತಿಂದವರು ನೀವು. ನಾಲ್ಕು ವರ್ಷ ಪಿಂಚಣಿಯಲ್ಲಿ ಎಷ್ಟು ಹಿಡಿದರು, ಯಾಕೆ ಕಡಿಮೆ ಹಿಡಿದರು ಎಂದು ಒಂದು ದಿನವೂ ನೋಡಲಿಲ್ಲವೇ? ಟೀ ಎಷ್ಟು ಗಂಟೆಗೆ, ಕಸ ಎಷ್ಟು ಗಂಟೆಗೆ, ನಾನು ಅಂಗಡಿಗೆ ಹೋದರೆ ತಿರುಗಿ ಬರುವುದು ಎಷ್ಟು ಗಂಟೆಗೆ ಎಂದು ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದ ಮಹಾಶಯರು ನೀವಲ್ಲವೇ? ನಿವೃತ್ತಿಯಾಗಿ ಬಸ್ಸು ಬಿಟ್ಟಿರಿ, ಸರಿ. ಆಮೇಲೆ ಮನೆಯನ್ನೇ ಬಸ್ಸು ಮಾಡಿದಿರಿ.

ಅಕ್ಕನ ಅರವತ್ತನೇ ಹುಟ್ಟುಹಬ್ಬಕ್ಕೆ ಇಲ್ಲಿಗೆ ಹೊರಟ ಆ ಬೆಳಿಗ್ಗೆಯನ್ನು ನಾನು ಮರೆಯುವವಳಲ್ಲ. ಒಂದು ಶೂ ಕಾಲಿನಲ್ಲಿತ್ತು, ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದೆ. ಎರಡು ನಿಮಿಷ. ಕಿಟಕಿಯಿಂದ ನೋಡಿದರೆ ಕಾರು ಬೀದಿಯ ತಿರುವು ದಾಟುತ್ತಿತ್ತು. ಕೇಕನ್ನು ಹತ್ತಿಸಿಕೊಂಡಿರಿ, ಹೆಂಡತಿಯನ್ನು ಬಿಟ್ಟಿರಿ.

ಈಗ ನನಗೆ ಇಲ್ಲಿ ವೇಳಾಪಟ್ಟಿಯಿಲ್ಲ. ಅಕ್ಕನ ಅತಿಥಿಗೃಹದಲ್ಲಿ ಬೆಳಿಗ್ಗೆ ತಿಂಡಿ ಮಾಡಿಕೊಡುತ್ತೇನೆ, ಸಂಜೆ ಗೆಥಿನ್ ಜೊತೆ ಸಮುದ್ರದ ದಂಡೆಗೆ ಸುತ್ತಾಡಲು ಹೋಗುತ್ತೇನೆ. ಅವನಿಗೆ ಅವಸರ ಎಂಬುದೇ ಗೊತ್ತಿಲ್ಲ. ನಾನು ನಿಂತರೆ ನಿಲ್ಲುತ್ತಾನೆ.

ತಾರೀಕಿನ ಕಾಗದ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ. ಹುಡುಕಿ ಕಳಿಸುತ್ತೇನೆ.

ಗ್ಲೆನಿಸ್


ವಿದರ್ನ್‌ಸೀ
25 ಸೆಪ್ಟೆಂಬರ್ 2023

ಗ್ಲೆನಿಸ್,

ಹೇಗಿದ್ದೀಯ? (ಕೇಳಿದ್ದೇನೆ, ನೋಡಿಕೊ.)

ಹುಟ್ಟುಹಬ್ಬದ ವಿಷಯ ನೀನೇ ಎತ್ತಿದ್ದರಿಂದ ಹೇಳುತ್ತೇನೆ. ನಾನು ಹೋದದ್ದು ಹಲ್ ಊರಿನವರೆಗೆ ಮಾತ್ರ. ಈಗ ಹಿಂದಿನಿಂದ ಟ್ಯಾಕ್ಸಿಯಲ್ಲಿ ಬರುತ್ತಾಳೆ, ಬೈಯುತ್ತಾಳೆ, ಹತ್ತಿ ಕೂರುತ್ತಾಳೆ ಅಂದುಕೊಂಡಿದ್ದೆ. ನೀನು ಬರಲಿಲ್ಲ. ತಿರುಗಿ ಮನೆಗೆ ಬಂದರೆ ಒಳಗಿನಿಂದ ಚಿಲಕ. ಬಾಗಿಲು ಬಡಿದೆ. "ಮುಂದಿನ ಬಸ್ಸಿಗೆ ಕಾಯು ಹೋಗು!" ಅಂತ ನೀನು ಒಳಗಿನಿಂದ ಕೂಗಿದೆ. ಬೀದಿಯವರೆಲ್ಲ ಕೇಳಿಸಿಕೊಂಡರು. ಎದುರುಮನೆಯವನು ಇಂದಿಗೂ ನನ್ನನ್ನು ಕಂಡರೆ ಹಾಗೇ ಅನ್ನುತ್ತಾನೆ. ಆ ಕೇಕನ್ನು ಮೂರು ದಿನ ನಾನೊಬ್ಬನೇ ತಿಂದೆ, ಗೊತ್ತಿರಲಿ. ಒಣದ್ರಾಕ್ಷಿ ಜಾಸ್ತಿಯಾಗಿತ್ತು.

ಬಸ್ಸು ಓಡಿಸುವವನು ಒಬ್ಬರಿಗಾಗಿ ಕಾದರೆ ಮುಂದಿನ ಎಲ್ಲ ನಿಲ್ದಾಣಗಳಲ್ಲಿ ನಿಂತವರೂ ಕಾಯಬೇಕು. ಕನ್ನಡಿಯಲ್ಲಿ ಓಡಿ ಬರುತ್ತಿರುವವರು ಕಾಣುತ್ತಿದ್ದರೂ ಗೇರ್ ಹಾಕಬೇಕು. ಅದು ಕಲ್ಲೆದೆಯಲ್ಲ, ಕೆಲಸ. ಮನೆ ಎಂಬುದಕ್ಕೆ ಮುಂದಿನ ನಿಲ್ದಾಣವೇ ಇಲ್ಲ ಎಂದು ನನಗೆ ತಡವಾಗಿ ಹೊಳೆಯಿತು.

ಫ್ರಿಜ್ಜಿನ ಮೇಲಿನ ಪಟ್ಟಿ ಈಗಿಲ್ಲ. ಬಾಯಾರಿದಾಗ ಟೀ ಮಾಡಿಕೊಳ್ಳುತ್ತೇನೆ.

ತೆರಿಗೆಯವರು ಮುಂದಿನ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ತಾರೀಕು ಬೇಗ ಕಳಿಸು.

ಟ್ರೆವರ್

ಇನ್ನೊಂದು: ಗೆಥಿನ್ ಅನ್ನುವವರು ಯಾರು? ಸುಮ್ಮನೆ ಕೇಳಿದೆ. ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಕೆಲಸದಲ್ಲಿದ್ದಾನೋ ನಿವೃತ್ತನೋ?


ಅಬರ್‌ಡಾರನ್
9 ಅಕ್ಟೋಬರ್ 2023

ಶ್ರೀಯುತ ಆಕ್ಸ್‌ಟಬಿಯವರಿಗೆ,

ದಯವಿಟ್ಟು ಕುಳಿತು ಓದಿರಿ.

ಅಟ್ಟದಿಂದ ಕಾಗದ ಇಳಿಸಿದೆ. ಕೋರ್ಟಿನ ಮುದ್ರೆಯಿದೆ, ಅಕ್ಟೋಬರ್ 2019ರ ತಾರೀಕಿದೆ. ಆದರೆ ತಾರೀಕಿನ ಪಕ್ಕದಲ್ಲಿ 'ನೈಸೈ' ಎಂಬ ಒಂದು ಪದ. ಇದು ಊರ ಹೆಸರೋ ಜಡ್ಜಿಯ ಹೆಸರೋ ತಿಳಿಯಲಿಲ್ಲ. ತೆರಿಗೆಯವರಿಗೆ ತಪ್ಪು ಕಾಗದ ಹೋದರೆ ನೀವು ಅದಕ್ಕೂ ನನ್ನನ್ನೇ ಬೈಯುತ್ತೀರಿ ಎಂದು, ಬಸ್ಸು ಹತ್ತಿ ಪುಲ್ಹೆಲಿಗೆ ಹೋದೆ. ನಮ್ಮ ಹಳೇ ವಕೀಲರು ಆ ವರ್ಷವೇ ಅಂಗಡಿ ಮುಚ್ಚಿ ಸ್ಪೇನಿಗೆ ಹೋದರಲ್ಲ, ಅದಕ್ಕೆ ಅಲ್ಲಿನ ಒಬ್ಬ ವಕೀಲೆಯನ್ನು ಕಂಡೆ. ಮೊಮ್ಮಗಳ ವಯಸ್ಸಿನವಳು. ಕಾಗದ ನೋಡಿದಳು, ನನ್ನನ್ನು ನೋಡಿದಳು.

"ಇದರ ಇನ್ನೊಂದು ಕಾಗದ ಎಲ್ಲಮ್ಮ?" ಅಂದಳು.

"ಯಾವ ಇನ್ನೊಂದು?"

"ಇದು ಮೊದಲನೇದು ಅಷ್ಟೆ. ಆರು ವಾರ ಕಳೆದ ಮೇಲೆ ನೀವೇ ಇನ್ನೊಂದು ಅರ್ಜಿ ಹಾಕಬೇಕಿತ್ತು. ಆಗ ಪೂರ್ತಿ ಆಗೋದು."

"ಹಾಕದೇ ಇದ್ರೆ?"

"ಹಾಕದೇ ಇದ್ರೆ ಆಗಲ್ಲ."

"ಏನಾಗಲ್ಲ?"

"ಡೈವೋರ್ಸ್ ಆಗಲ್ಲಮ್ಮ. ನೀವಿನ್ನೂ ಮಿಸೆಸ್ ಆಕ್ಸ್‌ಟಬಿನೇ."

ಹೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗು ತಡೆಯಲಾಗುತ್ತಿರಲಿಲ್ಲ ಆ ಹುಡುಗಿಗೆ. ನೈಸೈ ಎಂದರೆ ಲ್ಯಾಟಿನ್ನಿನಲ್ಲಿ 'ಇಲ್ಲದಿದ್ದರೆ' ಎಂದಂತೆ. ತಕ್ಕ ಕಾರಣ ತೋರಿಸದಿದ್ದರೆ ಈ ಮದುವೆ ಮುಗಿಯತಕ್ಕದ್ದು ಎಂದು ಅದರಲ್ಲಿ ಬರೆದಿದೆ. ಮುದ್ರೆ ನೋಡಿದೆ, ಎಲ್ಲ ಮುಗಿಯಿತು ಅಂದುಕೊಂಡೆ. ಲ್ಯಾಟಿನ್ ನನಗೇನು ಗೊತ್ತು ಟ್ರೆವರ್, ನಾನು ಮೂವತ್ತು ವರ್ಷ ಶಾಲೆಯಲ್ಲಿ ಕಸ್ಟರ್ಡ್ ಬಡಿಸಿದವಳು! ಆ ಕಾಗದ ಬಂದ ದಿನ ಅಕ್ಕನೂ ನಾನೂ ಶೆರ್ರಿ ಬಾಟಲಿ ತೆಗೆದು ಸ್ವಾತಂತ್ರ್ಯೋತ್ಸವ ಬೇರೆ ಆಚರಿಸಿದ್ದೆವು. ನೀನು ಏನು ಮಾಡಿದೆಯೋ ಗೊತ್ತಿಲ್ಲ.

ಅಕ್ಕನಿಗೆ ಹೇಳಿದರೆ ಅವಳು ಮೆಟ್ಟಿಲ ಮೇಲೇ ಕುಸಿದು ಕೂತು ನಕ್ಕಳು. "ಗಂಡ ಬೇಡ ಅಂತ ಓಡಿ ಬಂದವಳು ನಾಲ್ಕು ವರ್ಷದಿಂದ ಅವನ ಹೆಂಡತಿಯಾಗೇ ಇದೀಯಲ್ಲೇ! ಇದಕ್ಕಿಂತ ಉದ್ದ ಮುನಿಸು ನಾನು ಕಂಡಿಲ್ಲ ಕಣೇ," ಅಂದಳು. ನನಗೂ ನಗು ಬಂತು. ಆಮೇಲೆ ಯಾಕೋ ಅಳುವೂ ಬಂತು. ಈರುಳ್ಳಿ ಹೆಚ್ಚುತ್ತಿದ್ದೆ, ಅದೂ ಇರಬಹುದು.

ನಿನ್ನ ಬಾಕಿಯ ಬಗ್ಗೆ ಆ ವಕೀಲೆ ಹೇಳಿದ್ದು ಇಷ್ಟು: ಮದುವೆ ಮುರಿದಿಲ್ಲ, ಆದ್ದರಿಂದ ರಿಯಾಯಿತಿಯೂ ತಪ್ಪಲ್ಲ, ಆದ್ದರಿಂದ ಬಾಕಿಯೂ ಇಲ್ಲ. ಕಾಗದದ ನಕಲು ಇದರ ಜೊತೆಗಿದೆ, ತೆರಿಗೆಯವರಿಗೆ ತೋರಿಸು. ಮುಂದೆ ಪೂರ್ತಿ ಮಾಡಿಕೊಂಡರೂ ಹಿಂದಿನ ವರ್ಷಗಳದ್ದನ್ನು ಯಾರೂ ಕೇಳುವುದಿಲ್ಲವಂತೆ. ಹಾಗಾಗಿ ದುಡ್ಡಿನ ಚಿಂತೆ ಬಿಡು.

ಮಿಕ್ಕದ್ದರ ಬಗ್ಗೆ ನಿನ್ನ ಅಭಿಪ್ರಾಯ ತಿಳಿಸು.

ಗ್ಲೆನಿಸ್ (ಆಕ್ಸ್‌ಟಬಿ, ಕಾನೂನಿನ ಪ್ರಕಾರ)


ಅಂಚೆ ಕಾರ್ಡು
ವಿದರ್ನ್‌ಸೀ, 13 ಅಕ್ಟೋಬರ್ 2023

ಗ್ಲೆನಿಸ್, ಕಾಗದ ತಲುಪಿತು. ಕುಳಿತು ಓದು ಎಂದಿದ್ದೆ, ನಿಂತು ಓದಿದೆ, ಆಮೇಲೆ ಕುಳಿತೆ. ಸ್ವಲ್ಪ ತಡೆದು ಬರೆಯುತ್ತೇನೆ. ಟ್ರೆವರ್.


ಅಬರ್‌ಡಾರನ್
3 ನವೆಂಬರ್ 2023

ಶ್ರೀಯುತ ಆಕ್ಸ್‌ಟಬಿಯವರಿಗೆ,

ನಿಮ್ಮ 'ಸ್ವಲ್ಪ ತಡೆದು' ಮೂರು ವಾರವಾಯಿತು. ಬೇರೆಯವರ ಎರಡು ನಿಮಿಷ ಎಷ್ಟು ಉದ್ದ, ನಿಮ್ಮ ಮೂರು ವಾರ ಎಷ್ಟು ಚಿಕ್ಕದು!

ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ದಡ್ಡಿಯಲ್ಲ ನಾನು. ಬಾಕಿ ತೀರಿತು, ಕೆಲಸ ಮುಗಿಯಿತು. ಹೆಂಡತಿ ಎಂಬವಳು ಇನ್ನೂ ಇದ್ದಾಳೆ ಎಂದು ಗೊತ್ತಾಗಿ ನಿಮಗೆ ದಿಗಿಲಾಗಿರಬೇಕು. ದಿಗಿಲು ಬೇಡ. ಆ ವಕೀಲೆಯಿಂದ ಎರಡನೇ ಅರ್ಜಿ ತಂದಿದ್ದೇನೆ. ಶುಲ್ಕ ಏನೂ ಇಲ್ಲ. ಆದರೆ ವರ್ಷ ದಾಟಿ ಹೋಗಿರುವುದರಿಂದ ಇಷ್ಟು ತಡ ಯಾಕಾಯಿತು ಎಂದು ಕೋರ್ಟಿಗೆ ಬರೆದು ತಿಳಿಸಬೇಕಂತೆ. ಅಲ್ಲೇ ಸಿಕ್ಕಿಕೊಂಡಿದ್ದೇನೆ. ಎರಡು ನಿಮಿಷ ತಡವಾದದ್ದಕ್ಕೆ ಕಾರಣ ಕೇಳದೇ ಹೋದ ಮನುಷ್ಯನನ್ನು ಕಂಡಿದ್ದೇನೆ. ನಾಲ್ಕು ವರ್ಷ ತಡಕ್ಕೆ ಕಾರಣ ಕೇಳುವವರಿಗೆ ಏನು ಬರೆಯಲಿ?

ಏನೋ ಒಂದು ಬರೆಯುತ್ತೇನೆ. ಅರ್ಜಿ ಅಡುಗೆಮನೆಯ ಕಪಾಟಿನ ಮೇಲೆ ಲಕೋಟೆಯಲ್ಲಿದೆ. ಅಂಚೆಚೀಟಿ ಇನ್ನೂ ಅಂಟಿಸಿಲ್ಲ. ಈಚೆಗೆ ಬರುತ್ತಿರುವ ಚೀಟಿಗಳ ಅಂಟು ಸರಿಯಿಲ್ಲ.

ಹದಿನೆಂಟನೇ ತಾರೀಕು ಅಕ್ಕನಿಗೆ ಅರವತ್ತೈದು. ಕೆಲಸ ತುಂಬಾ ಇದೆ. ಇನ್ನು ನನ್ನಿಂದ ಕಾಗದ ಬರುವುದಿಲ್ಲ.

ಗ್ಲೆನಿಸ್


ವಿದರ್ನ್‌ಸೀ
7 ನವೆಂಬರ್ 2023

ನನ್ನ ಗ್ಲೆನಿಸ್,

ಚೀಟಿ ಅಂಟಿಸಬೇಡ. ಮೊದಲು ಇದನ್ನು ಓದು.

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆದೆ. ನಾಲ್ಕು ಪುಟ. ಅಂಚೆ ಡಬ್ಬಿಯವರೆಗೂ ಹೋದೆ. ಅಲ್ಲಿ ನಿಂತಾಗ ಒಂದು ಯೋಚನೆ ಬಂತು: ಈಗ ನಾನು 'ಹೆಂಡತಿಯಾಗೇ ಇರು' ಎಂದು ಬರೆದರೆ, ಸಾವಿರ ಪೌಂಡು ಉಳಿಸಿಕೊಳ್ಳಲು ಬರೆದ ಅಂತ ಇವಳು ತಿಳಿಯುವುದಿಲ್ಲವೇ? ನನ್ನ ಬಗ್ಗೆ ನೀನು ಹಾಗೆ ತಿಳಿಯಬಲ್ಲೆ, ತಿಳಿದರೆ ತಪ್ಪೂ ಅಲ್ಲ. ಅದಕ್ಕೆ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು ತೆರಿಗೆಯವರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಪಿಟೀಲು ಕೇಳಿಸಿದರು. ಆಮೇಲೆ ಒಬ್ಬಳು ಬಂದಳು.

"ನೀವು ಈಗ ಮದುವೆ ಆಗಿದೀರೋ, ಇಲ್ವೋ ಸರ್?" ಅಂದಳು.

"ಆಗಿದೀನಿ," ಅಂದೆ ಮೆಲ್ಲಗೆ.

"ಸರ್? ಕೇಳಿಸಲಿಲ್ಲ."

"ಮದುವೆ ಆಗಿದೀನಮ್ಮ! ಮೂವತ್ತಾರು ವರ್ಷ ಆಯ್ತು, ಆಗೇ ಇದೀನಿ!" ಅಂತ ಕೂಗಿಬಿಟ್ಟೆ. ಎದುರುಮನೆಯವನು ಕಿಟಕಿ ತೆರೆದು ನೋಡಿದ. ಈ ಬೀದಿಗೆ ನಮ್ಮ ಸಂಸಾರದ ಯಾವ ಸುದ್ದಿಯೂ ತಪ್ಪುವುದಿಲ್ಲ.

"ಅದಕ್ಯಾಕೆ ಕೂಗ್ತೀರಾ ಸರ್, ಒಳ್ಳೇದೇ ಆಯ್ತಲ್ಲ," ಅಂದಳು ಆ ಪುಣ್ಯಾತ್ಗಿತ್ತಿ.

ನಕಲು ಕಳಿಸಿ, ಅವರ ಉತ್ತರಕ್ಕಾಗಿ ಕಾದೆ. ಕಾಯುವುದು ನನಗೆ ಹೊಸದು, ಅಭ್ಯಾಸ ಬೇಕಿತ್ತು. ಇವತ್ತು ಬೆಳಿಗ್ಗೆ ಕಂದು ಲಕೋಟೆ ಬಂತು. ನಿನ್ನ ಸಿಟ್ಟಿನ ಕಾಗದವೂ ಅದೇ ಅಂಚೆಯಲ್ಲಿ ಬಂತು. ಬಾಕಿ ರದ್ದು. ಇನ್ನು ನೀನು ಎರಡನೇ ಅರ್ಜಿ ಹಾಕಿದರೂ ನನಗೆ ಒಂದು ಪೆನ್ನಿ ನಷ್ಟವಿಲ್ಲ, ಹಾಕದಿದ್ದರೆ ದೊಡ್ಡ ಲಾಭವೂ ಇಲ್ಲ. ಈಗ ಕೇಳಬಹುದು ಅನ್ನಿಸಿತು.

ತಕ್ಕ ಕಾರಣ ತೋರಿಸದಿದ್ದರೆ ಮದುವೆ ಮುಗಿಯತಕ್ಕದ್ದು ಅಂತಿದೆಯಲ್ಲ, ನನ್ನ ಕಾರಣಗಳು ಇವು. ನೀನು ಹೋದ ಮೇಲೆ ನಿನ್ನ ಇನ್ನೊಂದು ಶೂ ಸಿಕ್ಕಿತು. ಮಂಚದ ಕೆಳಗಿರಲಿಲ್ಲ, ಕಾರಿನ ಹಿಂದಿನ ಸೀಟಿನಲ್ಲಿ ಕೇಕಿನ ಡಬ್ಬಿಯ ಅಡಿಯಲ್ಲಿತ್ತು. ಆವತ್ತು ಸಾಮಾನು ಹೊತ್ತು ಹಾಕಿದವನು ನಾನೇ. ಆ ಶೂ ಇಷ್ಟು ವರ್ಷ ಬಾಗಿಲ ಹತ್ತಿರ ನನ್ನ ಶೂಗಳ ಪಕ್ಕದಲ್ಲಿದೆ, ವಾರಕ್ಕೊಮ್ಮೆ ಪಾಲಿಶ್ ಮಾಡುತ್ತೇನೆ. ನಿನ್ನ ಡೈವೋರ್ಸಿನ ಕಾಗದ ಬಂದ ದಿನ ಏನು ಮಾಡಿದೆ ಎಂದು ಕೇಳಿದ್ದೆ. ಮೀನು, ಆಲೂಗಡ್ಡೆ ಕರಿದದ್ದು ಕಟ್ಟಿಸಿಕೊಂಡು ಬಂದೆ. ಮರೆತು ಇಬ್ಬರದು ಕಟ್ಟಿಸಿದ್ದೆ. ಆಮೇಲೆ, ನೀನಿಲ್ಲದೆ ಈ ಮನೆಯಲ್ಲಿ ಯಾವುದೂ ತಡವಾಗುವುದಿಲ್ಲ. ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತದೆ. ಅದರಷ್ಟು ಬೇಸರದ್ದು ಇನ್ನೊಂದಿಲ್ಲ ಗ್ಲೆನಿಸ್. ನೀನು ಬೇಕು ನನಗೆ.

ಇಷ್ಟು ಸಾಲದಿದ್ದರೆ ಅರ್ಜಿ ಕಳಿಸು. ತಡ ಯಾಕಾಯಿತು ಅಂತ ಕೇಳಿದರೆ, ಗಂಡ ಪೆದ್ದ ಅಂತ ಬರೆ. ನಾನು ಸಹಿ ಹಾಕಿಕೊಡುತ್ತೇನೆ.

ಗೆಥಿನ್ ಒಳ್ಳೆಯವನಾದರೆ ಅದನ್ನೂ ಹೇಳಿಬಿಡು. ತಡೆದುಕೊಳ್ಳುತ್ತೇನೆ.

ನಿನ್ನ,
ಟ್ರೆವರ್


ಅಬರ್‌ಡಾರನ್
11 ನವೆಂಬರ್ 2023

ಟ್ರೆವರ್,

ಅಕ್ಕನಿಗೆ ಓದಿ ಹೇಳುವುದಿಲ್ಲ ಅಂದುಕೊಂಡಿದ್ದೆ. ನನ್ನಷ್ಟಕ್ಕೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದುದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡುಬಿಟ್ಟಿದ್ದಾಳೆ. ಶೂವಿನ ಮಾತು ಬಂದಾಗ ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಹೊರಗೆ ಬಂದು, "ಶೂ ಕದ್ದೋನೇ ಕಾಯದೆ ಹೋಗಿದಾನಲ್ಲೇ, ಎಂಥಾ ಗಂಡಸೇ ನಿನ್ನ ಗಂಡ!" ಅಂದಳು. 'ನಿನ್ನ ಗಂಡ' ಅಂದಳು, ಗಮನಿಸು. ನಾನು ತಿದ್ದಲಿಲ್ಲ.

ಮೊದಲನೇ ಕಾಗದದಲ್ಲಿ ನೀನು ಒಂದು ಮಾತು ಕೇಳಿದ್ದೆ, ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಎಂದು. ನಾನು ಉತ್ತರ ಕೊಟ್ಟಿರಲಿಲ್ಲ. ಆ ಎರಡನೇ ಅರ್ಜಿಯ ವಿಷಯ ದೇವರಾಣೆ ನನಗೆ ಗೊತ್ತಿರಲಿಲ್ಲ. ಆದರೆ ತೆರಿಗೆಯ ರಿಯಾಯಿತಿ ನಿಲ್ಲಿಸಬೇಕೆಂದು ಗೊತ್ತಿತ್ತು. ಪ್ರತಿ ಏಪ್ರಿಲ್‌ನಲ್ಲಿ ನೆನಪಾಗುತ್ತಿತ್ತು, ನಿಲ್ಲಿಸುತ್ತಿರಲಿಲ್ಲ. ನನ್ನದು ಅನ್ನುವ ಒಂದು ಚೂರು ನಿನ್ನ ಹತ್ತಿರ ಇರಲಿ ಅನ್ನಿಸುತ್ತಿತ್ತು. ನಿನ್ನ ಹತ್ತಿರ ಶೂ ಇದೆ ಅಂತ ಗೊತ್ತಿದ್ದರೆ ಅದನ್ನು ನಿಲ್ಲಿಸಿಬಿಡುತ್ತಿದ್ದೆ, ನಿನಗೆ ಈ ಫಜೀತಿ ತಪ್ಪುತ್ತಿತ್ತು.

ಹದಿನೆಂಟಕ್ಕೆ ಅಕ್ಕನ ಹುಟ್ಟುಹಬ್ಬಕ್ಕೆ ಬಾ. ಈ ಸಲ ಕೇಕು ಇಲ್ಲೇ ಮಾಡುತ್ತೇನೆ, ನೀನು ಶೂ ತಂದರೆ ಸಾಕು. ಮಧ್ಯಾಹ್ನದ ಬಸ್ಸು ಚರ್ಚಿನ ಕೆಳಗಿನ ನಿಲ್ದಾಣದಲ್ಲಿ ಇಳಿಸುತ್ತದೆ. ನಾನು ಅಲ್ಲಿಗೆ ಬರುತ್ತೇನೆ. ಈಗಲೇ ಹೇಳಿರುತ್ತೇನೆ, ತಡವಾಗಿ ಬರುತ್ತೇನೆ. ಅದೇ ಬಸ್ಸು ಅಲ್ಲೇ ತಿರುಗಿಕೊಂಡು ವಾಪಸು ಹೊರಡುತ್ತದೆ. ನೀನು ಏನು ಮಾಡುತ್ತೀ ಎಂಬುದು ನಿನಗೆ ಬಿಟ್ಟದ್ದು.

ಎರಡನೇ ಅರ್ಜಿ ಇನ್ನೂ ಕಪಾಟಿನ ಮೇಲೇ ಇದೆ. ಬಂದು ನೋಡಿ ಹೇಳು, ಏನು ಮಾಡೋಣ ಅಂತ.

ಗೆಥಿನ್ ನನ್ನ ಜೊತೆ ಬರುತ್ತಾನೆ. ನೀವಿಬ್ಬರೂ ಮುಖಾಮುಖಿ ಭೇಟಿಯಾಗುವುದೇ ವಾಸಿ.

ಗ್ಲೆನಿಸ್


ಅಂಚೆ ಕಾರ್ಡು
ಚೆಸ್ಟರ್, 17 ನವೆಂಬರ್ 2023

ದಾರಿಯೆಲ್ಲ ಬಸ್ಸಿನಲ್ಲೇ ಬಂದೆ, ಇಂಗ್ಲೆಂಡಿನ ಉದ್ದಕ್ಕೂ ಹಿರಿಯರ ಪಾಸು, ಬಿಟ್ಟಿ. ಗಡಿ ದಾಟಿದರೆ ನಿಮ್ಮ ವೇಲ್ಸಿನಲ್ಲಿ ಈ ಪಾಸು ನಡೆಯುವುದಿಲ್ಲವಂತೆ. ಹೆಂಡತಿಯನ್ನು ನೋಡಲು ದುಡ್ಡು ಕೊಟ್ಟು ಹೋಗುತ್ತಿದ್ದೇನೆ, ನೆನಪಿರಲಿ. ಲೀಡ್ಸಿನಲ್ಲಿ ಚಾಲಕ ಓಡಿ ಬರುತ್ತಿದ್ದ ಮುದುಕಿಯನ್ನು ಬಿಟ್ಟು ಹೊರಟ. ಎದ್ದು ನಿಂತು ಅವನಿಗೆ ಬೈದೆ. ಟ್ರೆ.

ಈ ಕಾರ್ಡಿಗಿಂತ ಮೊದಲು ನಾನೇ ತಲುಪುತ್ತೇನೆ. ಆದರೂ ಬರೆಯಬೇಕೆನ್ನಿಸಿತು.


ಅಬರ್‌ಡಾರನ್, ಚರ್ಚಿನ ಕೆಳಗಿನ ಬಸ್ ನಿಲ್ದಾಣ
18 ನವೆಂಬರ್ 2023

ಗ್ಲೆನಿಸ್,

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ನೀನು ಬಂದಿಲ್ಲ. ಜೇಬಿನಲ್ಲಿ ತೆರಿಗೆಯವರ ಕಂದು ಲಕೋಟೆ ಇತ್ತು, ಅದರ ಬೆನ್ನ ಮೇಲೆ ಬರೆಯುತ್ತಿದ್ದೇನೆ. ಕೈ ಸುಮ್ಮನಿರಲಾರದು.

ಚಾಲಕ ಬಸ್ಸು ತಿರುಗಿಸಿ ನನ್ನ ಮುಂದೆ ತಂದು ನಿಲ್ಲಿಸಿದ. "ಯಾರೂ ಬರಲಿಲ್ವಾ ಯಜಮಾನ್ರೇ? ವಾಪಸ್ ಬರ್ತೀರಾ? ಇವತ್ತಿಗೆ ಇದೇ ಕೊನೇದು," ಅಂದ.

"ನೀನು ಹೋಗಪ್ಪ, ನಿನ್ನ ಮುಂದಿನ ನಿಲ್ದಾಣದಲ್ಲಿ ಜನ ಕಾಯ್ತಿರ್ತಾರೆ. ನನಗೆ ಇದೇ ಕೊನೇ ನಿಲ್ದಾಣ," ಅಂದೆ. ಹೋದ.

ಗಾಳಿ ಜೋರಾಗಿದೆ. ನಿಮ್ಮ ಸಮುದ್ರ ನಮ್ಮ ಸಮುದ್ರಕ್ಕಿಂತ ಗದ್ದಲ. ಶೂ ಮಡಿಲಲ್ಲಿದೆ. ಒಬ್ಬ ಹೆಂಗಸು ನಾಯಿ ಕರೆದುಕೊಂಡು ಹೋದವಳು ಅದನ್ನು ನೋಡಿ ನಕ್ಕಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದ್ದೇನೆ. ಕಾಯುವುದು ಅಷ್ಟೇನೂ ಕಷ್ಟವಲ್ಲ, ಬರಬೇಕಾದವಳು ಬರುತ್ತಾಳೆ ಅಂತ ಗೊತ್ತಿದ್ದರೆ. ಗೊತ್ತಿಲ್ಲದಿದ್ದರೂ ಕಾಯುತ್ತೇನೆ. ಸಂತೋಷವಾಗಿದೆ ನನಗೆ, ಯಾಕೋ.

ಗುಡ್ಡದ ಮೇಲೆ ಯಾರೋ ಕಾಣುತ್ತಿದ್ದಾರೆ. ನಿನ್ನದೇ ನೀಲಿ ಕೋಟು. ಕೈಯಲ್ಲಿ ಹಗ್ಗ ಹಿಡಿದು ಎಳೆಯುತ್ತಿದ್ದೀಯ, ಬೈಯುತ್ತಿದ್ದೀಯ, ಇಲ್ಲಿಯವರೆಗೂ ಕೇಳಿಸುತ್ತಿದೆ. "ನಡೆಯೋ ಗೆಥಿನ್! ಒಬ್ರು ಕಾಯ್ತಿದಾರೆ ಕಣೋ, ನಡೆಯೋ!"

ಹಗ್ಗದ ಆ ತುದಿಯಲ್ಲಿ ಒಂದು ಕತ್ತೆ. ಕೊರಳಿಗೆ ಹುಟ್ಟುಹಬ್ಬದ ಕೆಂಪು ರಿಬ್ಬನ್ನು. ನಾಲ್ಕು ಕಾಲನ್ನೂ ಊರಿ ನಿಂತುಬಿಟ್ಟಿದೆ.

ಎರಡು ತಿಂಗಳು ನಾನು ಈ ಕತ್ತೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲೇ! ಇರು, ನಗು ತಡೆಯಲಾಗುತ್ತಿಲ್ಲ, ಅಕ್ಷರ ಸೊಟ್ಟಗಾಗುತ್ತಿದೆ. ಕಾಗದ ಇಲ್ಲಿಗೇ ಮುಗಿಸುತ್ತೇನೆ. ಎದ್ದು ಬಂದು ಹಿಂದಿನಿಂದ ತಳ್ಳುತ್ತೇನೆ. ನಿಧಾನವಾಗಿ ಬಾ.

ನಿನ್ನ ಗಂಡ,
ಟ್ರೆವರ್